ನುಡಿ ಸಂದೇಹ: ಊರ ಹೆಸರು, ಊರವರ ಬಾಯಿ

ಕಳೆದ ಸಂಚಿಕೆಯ ಪ್ರವಾಸ ಲೇಖನವೊಂದರಲ್ಲಿ ಇಂಗ್ಲೆಂಡಿನ ಊರೊಂದರ ಹೆಸರು ‘ವುಸ್ಟರ್’ ಎಂದು ಅಚ್ಚಾಗಿತ್ತು. ಅದು ಅಚ್ಚಿನ ತಪ್ಪು, ‘ವೋರ್ಸೆಸ್ಟರ್’ ಎಂದಿರಬೇಕಿತ್ತು ಎಂದು ಮೈಸೂರು, ಮಂಡ್ಯ ಕಡೆಯ ಕೆಲವು ಓದುಗರು ಬರೆದಿದ್ದಾರೆ. ಅದು ಅಚ್ಚಿನ ತಪ್ಪಲ್ಲ, ಆ ಊರಿನವರು ತಮ್ಮ ಊರನ್ನು ಕರೆಯುವುದೇ ಹಾಗೆ. ಇದರ ಬೆನ್ನಿಗೇ ಇಂಗ್ಲಿಷ್ ಊರುಗಳ ಹೆಸರಿನ ಬಗ್ಗೆ ಬೇರೆ ಪ್ರಶ್ನೆಗಳೂ ಬಂದಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳು ಓದಲೆಂದು ಇಂಗ್ಲೆಂಡಿಗೆ ಹೋಗಿದ್ದಾಳೆ. ಅವಳಿರುವ ಊರಿನ ಹೆಸರನ್ನು ನಾನು ಅಕ್ಷರ ಕೂಡಿಸಿ ಓದಿ, ನೆಂಟರಿಗೆಲ್ಲ ‘ಲೀಸೆಸ್ಟರ್’ ಎಂದು ಹೇಳುತ್ತಿದ್ದೆ. ಮೊನ್ನೆ ಫೋನಿನಲ್ಲಿ ಮಗಳು, ‘ಅಮ್ಮ, ಅದು ಲೆಸ್ಟರ್’ ಎಂದಳು. ಹೇಳದೆ ಬಿಡುವ ಅಕ್ಷರಗಳನ್ನು ಬರೆಯುವುದಾದರೂ ಏಕೆ? ಇದಕ್ಕೆ ಏನಾದರೂ ನಿಯಮವಿದೆಯೇ?
(ಗೃಹಿಣಿಯೊಬ್ಬರು, ಮಂಡ್ಯ)

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ, ಆ ಊರು ಲೆಸ್ಟರ್. ಆದರೆ ನೀವು ಕೇಳಿದ ಪ್ರಶ್ನೆ ಕನ್ನಡದಲ್ಲಿ ಓದು ಬರಹ ಕಲಿತ ಯಾರ ಮನಸ್ಸಿನಲ್ಲಾದರೂ ಏಳಬೇಕಾದದ್ದೇ. ನಮಗೆ ಬರೆದ ಅಕ್ಷರವೆಂದರೆ ಉಚ್ಚರಿಸಬೇಕಾದ ಅಕ್ಷರ. ಕಾಗುಣಿತ ತಿದ್ದಿಸಿದ ಮೇಷ್ಟ್ರು ಕಲಿಸಿದ್ದೇ ಅದನ್ನು. ಇಂಗ್ಲಿಷ್ ಬರಹಕ್ಕೆ ಆ ಕಟ್ಟುಪಾಡು ಇಲ್ಲ. ಅದರಲ್ಲೂ ಊರಿನ ಹೆಸರುಗಳಲ್ಲಿ ಬರಹವು ಎಂದೋ ಒಂದು ಕಾಲದ ಉಚ್ಚಾರಣೆಯನ್ನು ಹಿಡಿದುಕೊಂಡು ನಿಂತಿದೆ, ಜನರ ಬಾಯಿ ಮಾತ್ರ ಮುಂದಕ್ಕೆ ನಡೆದುಬಿಟ್ಟಿದೆ.

ಈ ಹೆಸರಿನ ಕತೆ ರೋಮನ್ನರ ಕಾಲದಿಂದ ಶುರುವಾಗುತ್ತದೆ. ಅವರು ಬ್ರಿಟನ್ನನ್ನು ಆಳುತ್ತಿದ್ದಾಗ ಹಾಕಿದ ಸೈನ್ಯದ ಪಾಳೆಯಕ್ಕೆ ಲ್ಯಾಟಿನ್ನಿನಲ್ಲಿ ‘ಕಾಸ್ಟ್ರ’ ಎಂಬ ಮಾತಿತ್ತು. ಅವರು ಹೋದ ಮೇಲೆ ಬಂದು ನೆಲೆಸಿದ ಆಂಗ್ಲೋ ಸ್ಯಾಕ್ಸನ್ ಜನ ಆ ಮಾತನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು, ಹಳೆಯ ಕೋಟೆಯೂರುಗಳನ್ನು ಹೆಚ್ಚುಕಡಿಮೆ ‘ಚ್ಯಾಸ್ಟರ್’ ಎಂದು ಕೇಳಿಸುವ ಪದ ಸೇರಿಸಿ ಕರೆದರು. ನಮ್ಮ ಮೇಲುಕೋಟೆ, ಹೆಗ್ಗಡದೇವನಕೋಟೆಗಳ ಕೊನೆಯಲ್ಲಿ ‘ಕೋಟೆ’ ಇರುವ ಹಾಗೆ ಅಲ್ಲಿ ಎಷ್ಟೋ ಊರುಗಳ ಕೊನೆಯಲ್ಲಿ ಈ ಪದ ಉಳಿಯಿತು. ಮ್ಯಾಂಚೆಸ್ಟರ್, ವಿಂಚೆಸ್ಟರ್, ಬರಿಯ ಚೆಸ್ಟರ್, ಇವುಗಳಲ್ಲಿ ಹಳೆಯ ಚಕಾರ ಈಗಲೂ ಇದೆ. ಉತ್ತರದ ಲ್ಯಾಂಕಸ್ಟರ್, ಡಾಂಕಸ್ಟರ್‌ಗಳಲ್ಲಿ ಕಕಾರ ಕೇಳಿಸುತ್ತದೆ. 1066ರಲ್ಲಿ ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದವರು ಫ್ರೆಂಚ್ ಆಡುತ್ತಿದ್ದರು. ಅವರ ನಾಲಗೆಯ ಪ್ರಭಾವದಿಂದ ಇನ್ನು ಕೆಲವು ಊರುಗಳಲ್ಲಿ ಆ ಚಕಾರ ಸಕಾರವಾಯಿತು. ಲೆಸ್ಟರ್, ವುಸ್ಟರ್, ಗ್ಲಾಸ್ಟರ್ ಆ ಗುಂಪಿಗೆ ಸೇರಿದವು.

ಇಂಗ್ಲಿಷ್ ಮಾತಿನಲ್ಲಿ ಪದದ ಒಂದು ಭಾಗದ ಮೇಲೆ ಒತ್ತು ಬಲವಾಗಿ ಬೀಳುತ್ತದೆ, ಒತ್ತಿಲ್ಲದ ಭಾಗ ಸೊರಗುತ್ತದೆ. ‘ಲೆಸೆಸ್ಟರ್’ ಎಂಬಲ್ಲಿ ಒತ್ತೆಲ್ಲ ಮೊದಲ ‘ಲೆ’ ಮೇಲೆ ಬಿದ್ದು, ನಡುವಿನ ‘ಸೆ’ ಸೊರಗಿ, ಅದರ ಸ್ವರ ಲೋಪವಾಗಿ, ಪಕ್ಕಪಕ್ಕಕ್ಕೆ ಬಂದ ಎರಡು ಸಕಾರಗಳು ಒಂದಾದವು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ತೆರೆದ ಮೇಲಿನ ಶತಮಾನಗಳಲ್ಲಿ ಕಾಗುಣಿತ ಮೆಲ್ಲಮೆಲ್ಲನೆ ಗಟ್ಟಿಯಾಯಿತು. ಬಾಯಿಂದ ಬಿದ್ದುಹೋದ ಸ್ವರದ ಗುರುತು ಹೀಗೆ ಕಾಗದದ ಮೇಲೆ ಉಳಿದುಕೊಂಡಿತು.

ಇದು ಅವರಿಗಷ್ಟೇ ಆಗುವಂಥದ್ದಲ್ಲ. ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದಲ್ಲಿ ಬೆಂಗಳೂರು ಕಡೆಯ ಬಸ್ಸು ನಿಲ್ಲುವ ಜಾಗದಲ್ಲಿ ಐದು ನಿಮಿಷ ನಿಂತು ಕೇಳಿ. ಕಂಡಕ್ಟರು ಒಂದು ಕಾಲನ್ನು ಫುಟ್‌ಬೋರ್ಡಿನ ಮೇಲಿಟ್ಟು, ಕಂಬಿ ಹಿಡಿದು, ಉಸಿರು ತೆಗೆದುಕೊಳ್ಳದೆ ‘ಪಟ್ಣ, ಮಂಡ್ಯ, ಮದ್ದೂರ್, ಚನ್ಪಟ್ಣ, ರಾಮ್ನಗ್ರ’ ಎಂದು ಕೂಗುತ್ತಾರೆ. ಶ್ರೀರಂಗಪಟ್ಟಣದ ಶ್ರೀರಂಗನೇ ಅಲ್ಲಿಲ್ಲ. ಬೋರ್ಡಿನ ಮೇಲೆ ಐದೈದು ಅಕ್ಷರವಿರುವ ಚನ್ನಪಟ್ಟಣ, ರಾಮನಗರಗಳು ಅವರ ಬಾಯಲ್ಲಿ ಮೂರು ಮೂರು ಅಕ್ಷರಕ್ಕೆ ಇಳಿದಿವೆ. ಗಮನಿಸಿ, ಹೋದದ್ದು ಮೊದಲ ಅಕ್ಷರವಲ್ಲ, ಒಳಗಿನ ಸ್ವರಗಳು. ಲೆಸ್ಟರ್ ಆದದ್ದೂ ಹೀಗೆಯೇ. ಅದನ್ನು ಕೇಳಿ ಬಸ್ ಹತ್ತುವ ಯಾರಿಗೂ ತಮ್ಮ ಊರು ಯಾವುದೆಂದು ಅನುಮಾನ ಬರುವುದಿಲ್ಲ.

ನಿಯಮ ಕೇಳಿದ್ದೀರಿ. ‘ಸೆಸ್ಟರ್’ ಎಂದು ಮುಗಿಯುವಂತೆ ಬರೆದಿರುವ ಊರುಗಳಲ್ಲಿ ಆ ‘ಸೆ’ ಬಿಟ್ಟುಬಿಡಿ. ಬಿಸ್ಟರ್, ಟೋಸ್ಟರ್ ಎಂಬ ಊರುಗಳೂ ಹೀಗೆಯೇ. ‘ಚೆಸ್ಟರ್’ ಎಂದಿದ್ದರೆ ಪೂರ್ತಿ ಹೇಳಿ. ಸೈರನ್‌ಸೆಸ್ಟರ್ ಈ ನಿಯಮಕ್ಕೆ ಹೊರತು. ಹಿಂದೆ ಅದನ್ನು ‘ಸಿಸಿಸ್ಟರ್’ ಎನ್ನುತ್ತಿದ್ದರು, ಈಗ ಅಲ್ಲಿ ಬರಹವೇ ಗೆದ್ದು ಜನ ಬರೆದಂತೆಯೇ ಓದುತ್ತಾರೆ. ಗ್ಲಾಸ್ಟರ್ ಎಂಬಲ್ಲಿರುವುದು ‘ಡಾಕ್ಟರ್’ ಎನ್ನುವಾಗಿನ ಸ್ವರ, ಅದನ್ನೂ ಗಿಡ್ಡವಾಗಿ ಹೇಳಬೇಕು. ಜಿಲ್ಲೆಯ ಹೆಸರಿನ ಕೊನೆಗೆ ಬರುವ ‘ಶೈರ್’ ಅಲ್ಲಿನವರ ಬಾಯಲ್ಲಿ ಸಾಮಾನ್ಯವಾಗಿ ‘ಶರ್’ ಎಂದಷ್ಟೇ ಕೇಳಿಸುತ್ತದೆ. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ 1995ರಲ್ಲಿ ಕೌಂಟಿ ಕ್ರಿಕೆಟ್ ಆಡಿದ್ದು ಗ್ಲಾಸ್ಟರ್‌ಶರ್ ತಂಡಕ್ಕೆ, ಮುಂದೆ ಲೆಸ್ಟರ್‌ಶರ್ ತಂಡಕ್ಕೂ ಆಡಿದರು. ಇನ್ನು ನೆಂಟರಿಗೆ ಧೈರ್ಯವಾಗಿ ಲೆಸ್ಟರ್ ಎನ್ನಿ. ಮಗಳಿಗೆ ಹುಳಿಪುಡಿ, ಚಟ್ನಿಪುಡಿ ಕಳಿಸುವಾಗ ಮಾತ್ರ ಪಾರ್ಸೆಲ್ಲಿನ ಮೇಲೆ ಆ ಹೆಸರಿನ ಒಂಬತ್ತೂ ಇಂಗ್ಲಿಷ್ ಅಕ್ಷರಗಳನ್ನು ಬಿಡದೆ ಬರೆಯಿರಿ.

ಪ್ರಶ್ನೆ: ಮೈಸೂರಿನ ರೇಸ್‌ಕೋರ್ಸಿನ ಡರ್ಬಿಯನ್ನು ಇಂಗ್ಲೆಂಡಿನಿಂದ ಬಂದಿದ್ದ ಅತಿಥಿಯೊಬ್ಬರು ‘ಡಾರ್ಬಿ’ ಎಂದರು. ಯಾವುದು ಸರಿ?
(ನಜರಬಾದಿನ ಓದುಗರು, ಮೈಸೂರು)

ಉತ್ತರ: ಇಂಗ್ಲೆಂಡಿನಲ್ಲಿ ಡಾರ್ಬಿ, ಅಮೆರಿಕದಲ್ಲಿ ಡರ್ಬಿ. ಡಾರ್ಬಿ ಎಂಬುದು ಒಂದು ಊರು. ಅದರ ಹೆಸರಿನ ಪದವಿ ಹೊತ್ತ ಅರ್ಲ್ ಒಬ್ಬರಿಂದ 1780ರಲ್ಲಿ ಎಪ್ಸಮ್ಮಿನ ಕುದುರೆ ಪಂದ್ಯಕ್ಕೆ ಆ ಹೆಸರು ಬಂತು, ಅಲ್ಲಿಂದ ಲೋಕದ ರೇಸ್‌ಕೋರ್ಸುಗಳಿಗೆಲ್ಲ ಹರಡಿತು. ಹಳೆಯ ಇಂಗ್ಲಿಷಿನ ‘ಎರ್’ ಎಷ್ಟೋ ಪದಗಳಲ್ಲಿ ‘ಆರ್’ ಆಗಿದೆ. ಬರಹ ತಿದ್ದಿಕೊಳ್ಳದೆ ಉಳಿದ ಕಡೆ ಈ ಗೊಂದಲ ಕಾಣುತ್ತದೆ; ಬಾರ್ಕ್‌ಶರ್, ಹಾರ್ಟ್‌ಫರ್ಡ್ ಎಂಬ ಹೆಸರುಗಳೂ ಬರಹದಲ್ಲಿ ‘ಎರ್’ ಇಟ್ಟುಕೊಂಡೇ ಇವೆ. ಪೊಲೀಸಿನ ‘ಸಾರ್ಜೆಂಟ್’ ಎಂಬ ಮಾತಿನ ಇಂಗ್ಲಿಷ್ ಬರಹವನ್ನು ಒಮ್ಮೆ ನೋಡಿ, ಅಲ್ಲೂ ಬರೆದಿರುವುದು ‘ಎರ್’, ನಾವೆಲ್ಲರೂ ಹೇಳುವುದು ‘ಆರ್’. ಕನ್ನಡದಲ್ಲಿ ಮೈಸೂರು ಡರ್ಬಿ ಎಂದು ರೂಢಿಯಾಗಿದೆ, ಹಾಗೆಯೇ ಇರಲಿ.

ಪ್ರಶ್ನೆ: ಭೂಗೋಳದ ಪಾಠದಲ್ಲಿ ‘ಗ್ರೀನ್‌ವಿಚ್’ ಎಂದು ಓದುತ್ತಿದ್ದಾಗ ಎಂಟನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, ‘ಸಾರ್, ಅದು ಗ್ರೆನಿಚ್ ಅಂತೆ’ ಎಂದ. ತರಗತಿಯಲ್ಲಿ ನಾನು ಯಾವುದನ್ನು ಹೇಳಬೇಕು? ಥೇಮ್ಸ್ ನದಿಯ ಬಗ್ಗೆಯೂ ಇದೇ ಅನುಮಾನವಿದೆ.
(ಪ್ರೌಢಶಾಲಾ ಶಿಕ್ಷಕರು, ಶ್ರೀರಂಗಪಟ್ಟಣ)

ಉತ್ತರ: ಆ ಹುಡುಗನನ್ನು ಮೆಚ್ಚಿಕೊಳ್ಳಿ ಮೇಷ್ಟ್ರೇ, ಅವನು ಹೇಳಿದ್ದು ಸರಿ. ಲಂಡನ್ನಿನವರು ಗ್ರೆನಿಚ್ ಎನ್ನುತ್ತಾರೆ, ಕೆಲವರ ಬಾಯಲ್ಲಿ ಕೊನೆಯ ಚಕಾರ ಜಕಾರವೂ ಆಗುತ್ತದೆ. ಹೆಸರಿನ ಎರಡನೆಯ ಭಾಗದ ಮೇಲೆ ಒತ್ತು ಇಲ್ಲದಿದ್ದಾಗ ಅದರ ಮೊದಲಿಗಿರುವ ವಕಾರ ಬಿದ್ದುಹೋಗುವುದು ಆ ನಾಡಿನ ಎಷ್ಟೋ ಹೆಸರುಗಳಲ್ಲಿ ಉಂಟು. ವಾರಿಕ್, ನಾರಿಚ್, ಕೆಜಿಕ್ ಎಂಬ ಊರುಗಳ ಇಂಗ್ಲಿಷ್ ಬರಹದಲ್ಲೆಲ್ಲ ಒಂದೊಂದು ‘ಡಬ್ಲ್ಯು’ ಮೌನವಾಗಿ ಕೂತಿದೆ. ಆನಿಕ್ ಎಂಬ ಊರಿನ ಬರಹದಲ್ಲಿ ‘ಎಲ್’ ಕೂಡ ಕೂತಿದೆ. ಆದರೆ ಇಪ್ಸ್‌ವಿಚ್ ಎಂಬಲ್ಲಿ ವಕಾರವನ್ನು ಹೇಳಲೇಬೇಕು. ಮೈಸೂರಿನವರಿಗೆಲ್ಲ ಗೊತ್ತಿರುವ ಹಾರ್ಡ್‌ವಿಕ್ ಶಾಲೆಯ ಹೆಸರಿನಲ್ಲೂ ವಕಾರ ಉಳಿದಿದೆ, ಇಂಗ್ಲೆಂಡಿನಲ್ಲಿ ಆ ಹೆಸರನ್ನು ಹೇಳುವುದೂ ಹಾಗೆಯೇ. ಈ ‘ವಿಚ್’, ‘ವಿಕ್’ಗಳು ಹಳೆಯ ಇಂಗ್ಲಿಷಿನ ‘ವಿಕ್’ ಎಂಬ ಪದದಿಂದ ಬಂದವು. ಕೇರಿ, ಸಂತೆಯೂರು, ಹೈನಿನ ದನ ಕಟ್ಟುವ ತಾಣ ಎಂದೆಲ್ಲ ಅದಕ್ಕೆ ಅರ್ಥವಿತ್ತು. ನಮ್ಮ ‘ಹಟ್ಟಿ’ ಅದಕ್ಕೆ ತೀರ ಹತ್ತಿರದ ಮಾತು. ಗ್ರೆನಿಚ್ ಎಂದರೆ ಹಸಿರುಹಟ್ಟಿ ಎಂದು ಮಕ್ಕಳಿಗೆ ಹೇಳಿನೋಡಿ, ಅವರು ಮರೆಯುವುದಿಲ್ಲ.

ಹಾಗೆಂದು ಪಠ್ಯಪುಸ್ತಕದ ‘ಗ್ರೀನ್‌ವಿಚ್’ ತಪ್ಪೆಂದು ನಾನು ಹೇಳುವುದಿಲ್ಲ. ಒಂದು ಹೆಸರು ಬೇರೊಂದು ನುಡಿಗೆ ಬಂದು ಬಹುಕಾಲ ಬಳಕೆಯಾದ ಮೇಲೆ ಆ ನುಡಿಗೂ ಅದರ ಮೇಲೆ ಹಕ್ಕು ಹುಟ್ಟುತ್ತದೆ. ಕನ್ನಡದ ಮಾತಿನ ನಡುವೆ ಗ್ರೀನ್‌ವಿಚ್, ಥೇಮ್ಸ್ ಎಂದರೆ ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ. ನೀವು ಪಾಠ ಹೇಳುತ್ತಿರುವ ಊರಿನ ಹೆಸರನ್ನೇ ನೋಡಿ. ಶ್ರೀರಂಗಪಟ್ಟಣವನ್ನು ಇಂಗ್ಲಿಷರು ‘ಸೆರಿಂಗಪಟಂ’ ಎಂದು ಬರೆದುಕೊಂಡರು. 1799ರ ಯುದ್ಧದಲ್ಲಿದ್ದವರಿಗೆ ಕೊಟ್ಟ ಪದಕಕ್ಕೆ ಇಂದಿಗೂ ಅವರಲ್ಲಿ ಆ ಹೆಸರೇ ಇದೆ. ಆಸ್ಟ್ರೇಲಿಯಾದ ವಾಯವ್ಯ ಕಡಲಿನಲ್ಲಿರುವ ಒಂದು ಹವಳದ ದಿಬ್ಬದ ಹೆಸರು ಕೂಡ ಸೆರಿಂಗಪಟಂ. ‘ಶ್ರೀ’ ಎಂಬ ಕೂಡಕ್ಷರ ಅವರ ನಾಲಗೆಗೆ ಒಗ್ಗದೆ ‘ಸೆರಿ’ ಎಂದು ಬಿಡಿಬಿಡಿಯಾಯಿತು. ನಮ್ಮ ಹಳ್ಳಿಯವರು ಅದನ್ನೇ ‘ಸೀರಂಗಪಟ್ಣ’ ಎಂದು ಬೇರೆ ರೀತಿಯಲ್ಲಿ ಹಗುರ ಮಾಡಿಕೊಂಡರು.

ನಾನು ಪಾಲಿಸುವ ಕ್ರಮವನ್ನು ಹೇಳುತ್ತೇನೆ. ಕನ್ನಡದಲ್ಲಿ ಆಗಲೇ ಬೇರುಬಿಟ್ಟಿರುವ ಲಂಡನ್, ಗ್ರೀನ್‌ವಿಚ್, ಥೇಮ್ಸ್‌ನಂಥ ಹೆಸರುಗಳನ್ನು ಹಾಗೆಯೇ ಇಟ್ಟುಕೊಳ್ಳುತ್ತೇನೆ. ಕನ್ನಡಕ್ಕೆ ಹೊಸದಾಗಿ ಬರುತ್ತಿರುವ ಹೆಸರನ್ನು ಮಾತ್ರ ಆ ಊರಿನವರು ಹೇಳುವಂತೆಯೇ ಬರೆಯುತ್ತೇನೆ. ಏಕೆಂದರೆ ಹೇಳಿದ್ದನ್ನು ಬರೆಯುವ ಲಿಪಿ ನಮ್ಮದಾಗಿರುವಾಗ, ಅವರ ಕಾಗುಣಿತದ ತೊಡಕನ್ನು ನಾವು ಕನ್ನಡಕ್ಕೆ ಹೊತ್ತು ತರುವುದರಲ್ಲಿ ಅರ್ಥವಿಲ್ಲ. ‘ವುಸ್ಟರ್’ ಎಂದು ಅಚ್ಚು ಮಾಡಿದ್ದು ಅದಕ್ಕೇ. ನೀವು ತರಗತಿಯಲ್ಲಿ ಪುಸ್ತಕದಲ್ಲಿರುವಂತೆ ಬರೆಸಿ, ಅಲ್ಲಿನವರು ಗ್ರೆನಿಚ್ ಎನ್ನುತ್ತಾರೆಂದು ಒಮ್ಮೆ ಹೇಳಿ. ಇಂಗ್ಲಿಷ್ ಪಾಠದಲ್ಲಿ ಮಾತ್ರ ಗ್ರೆನಿಚ್ ಎಂದೇ ಹೇಳಿಸಿ.

ಥೇಮ್ಸ್ ಇಂಗ್ಲಿಷಿನಲ್ಲಿ ‘ಟೆಮ್ಸ್’. ಅದರಲ್ಲಿರುವ ‘ಎಚ್’ ಆ ನದಿಯ ಹೆಸರಿನಲ್ಲಿ ಎಂದೂ ಕೇಳಿಸಿದ್ದಲ್ಲ. ಗ್ರೀಕ್, ಲ್ಯಾಟಿನ್ ಬರಹದ ಘನತೆ ತೋರಿಸಲೆಂದು ಆಮೇಲೆ ಸೇರಿಸಿದ್ದು. ವಿಶೇಷವೆಂದರೆ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಇದೇ ಹೆಸರಿನ ನದಿಯೊಂದಿದೆ, ಅಲ್ಲಿನವರು ಅದನ್ನು ನಮ್ಮಂತೆಯೇ ‘ಥೇಮ್ಸ್’ ಎನ್ನುತ್ತಾರೆ. ನಾವು ‘ಎಡಿನ್‌ಬರ್ಗ್’ ಎಂದು ಓದುವ ಸ್ಕಾಟ್ಲೆಂಡಿನ ಊರು ಅಲ್ಲಿನವರ ಬಾಯಲ್ಲಿ ‘ಎಡಿನ್‌ಬರ’, ಅದರ ಕೊನೆಯಲ್ಲಿ ‘ಬರ್ಗ್’ ಇಲ್ಲ ಎಂಬುದನ್ನೂ ಇದರ ಜೊತೆಗೇ ಹೇಳಿಬಿಡುತ್ತೇನೆ.

ಪ್ರಶ್ನೆ: ನಾನು ಮೈಸೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಜೊತೆ ಫೋನಿನಲ್ಲಿ ಮಾತಾಡುವವರಲ್ಲಿ ಒಬ್ಬರು ಲಂಡನ್ನಿನವರು, ಇನ್ನೊಬ್ಬರು ನ್ಯೂಕಾಸಲ್ಲಿನವರು. ಬಾತ್ ಎಂಬ ಊರಿನ ಹೆಸರನ್ನು ಒಬ್ಬರು ಎಳೆದು ಹೇಳುತ್ತಾರೆ, ಇನ್ನೊಬ್ಬರು ಮೊಟಕಾಗಿ ಹೇಳುತ್ತಾರೆ. ನ್ಯೂಕಾಸಲ್ ಎಂಬುದನ್ನೂ ಇಬ್ಬರೂ ಒಂದೇ ರೀತಿ ಹೇಳುವುದಿಲ್ಲ. ನಾನು ಯಾರನ್ನು ಅನುಸರಿಸಲಿ?
(ಹೆಬ್ಬಾಳದ ಉದ್ಯೋಗಿ, ಮೈಸೂರು)

ಉತ್ತರ: ನೀವು ಕೇಳಿರುವುದು ಮೇಲಿನ ಪ್ರಶ್ನೆಗಳಂತೆಯೇ ಕಂಡರೂ ಬೇರೆಯ ಪ್ರಶ್ನೆ. ಹೆಸರಿನಲ್ಲಿ ಯಾವ ಅಕ್ಷರ ಉಂಟು, ಯಾವುದು ಇಲ್ಲ, ಒತ್ತು ಎಲ್ಲಿ ಬೀಳುತ್ತದೆ ಎಂಬುದು ಆ ಹೆಸರಿಗೆ ಸೇರಿದ ಸಂಗತಿ. ಲೆಸ್ಟರನ್ನು ಇಂಗ್ಲೆಂಡಿನ ಯಾವ ಮೂಲೆಯವರೂ ಲೀಸೆಸ್ಟರ್ ಎನ್ನುವುದಿಲ್ಲ. ಆದರೆ ಹೆಸರಿನ ಒಂದು ಸ್ವರ ಎಷ್ಟು ಉದ್ದ, ರಕಾರ ಕೇಳಿಸುತ್ತದೋ ಇಲ್ಲವೋ ಎಂಬುದು ಹೇಳುವವರ ಸೀಮೆಗೆ ಸೇರಿದ ಸಂಗತಿ. ಮೊದಲನೆಯದನ್ನು ಕಲಿಯಬೇಕು. ಎರಡನೆಯದನ್ನು ಕೇಳಿ ತಿಳಿದುಕೊಂಡರೆ ಸಾಕು, ಅನುಕರಿಸಬೇಕಾಗಿಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸಿ, ಫೋನ್ ಎತ್ತಿದೊಡನೆ ಬೇರೆಯವರ ಧಾಟಿಯನ್ನು ತೊಟ್ಟುಕೊಳ್ಳಲು ನಮ್ಮ ಹುಡುಗ ಹುಡುಗಿಯರು ಪಡುವ ಪಾಡನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಬಾತ್ ಎಂಬುದರಲ್ಲಿ ದಕ್ಷಿಣದವರದು ದೀರ್ಘ, ಉತ್ತರದವರದು ಹ್ರಸ್ವ. ಹುಲ್ಲಿಗೆ, ಕೋಟೆಗೆ ಅವರು ಹೇಳುವ ‘ಗ್ರಾಸ್’, ‘ಕಾಸಲ್’ ಎಂಬ ಪದಗಳಲ್ಲೂ ಇದೇ ಭೇದವಿದೆ. ಲಂಡನ್ನಿನ ದೀರ್ಘವೇ ಹಳೆಯದು, ಉತ್ತರದವರು ಅದನ್ನು ಕೆಡಿಸಿಕೊಂಡರು ಎಂದು ಅನೇಕರು ತಿಳಿದಿದ್ದಾರೆ. ನಿಜ ಸಂಗತಿ ತಿರುಗುಮುರುಗು. ಮೊದಲಿದ್ದುದು ಹ್ರಸ್ವ, ದಕ್ಷಿಣದವರು ಅದನ್ನು ಎಳೆಯತೊಡಗಿದ್ದು ಆಮೇಲೆ. ‘ಬಸ್’ ಎಂಬುದನ್ನು ಉತ್ತರದವರು ‘ಬುಸ್’ ಎಂಬಂತೆ ಹೇಳುವುದೂ ಹಾಗೆಯೇ. ಬದಲಾದದ್ದು ದಕ್ಷಿಣದ ಸ್ವರ, ಉತ್ತರದ್ದು ಹಳೆಯ ಜಾಗದಲ್ಲೇ ನಿಂತಿದೆ. ಬಾತ್ ಊರು ಇರುವುದು ಇಂಗ್ಲೆಂಡಿನ ನೈಋತ್ಯದಲ್ಲಿ. ನ್ಯೂಕಾಸಲ್ಲಿನವರು ಅದನ್ನು ತ‌ಮ್ಮ ಹ್ರಸ್ವದಲ್ಲಿ ಹೇಳಿದರೆ ಅದು ತಪ್ಪಲ್ಲ, ಅವರ ಸೀಮೆಯ ಮಾತು. ಇನ್ನು ನ್ಯೂಕಾಸಲ್ ಎಂಬುದನ್ನು ಲಂಡನ್ನಿನವರು ‘ನ್ಯೂ’ ಎಂಬಲ್ಲಿ ಒತ್ತಿ ‘ಕಾ’ ಎಂದು ಎಳೆಯುತ್ತಾರೆ. ಆ ಊರಿನವರು ‘ಕಾಸಲ್’ ಎಂಬಲ್ಲಿ ಒತ್ತಿ, ಅದರ ಸ್ವರವನ್ನು ಮೊಟಕು ಮಾಡುತ್ತಾರೆ. ಅವರ ಊರಿನ ಹೆಸರನ್ನು ಅವರೆದುರು ಹೇಳುವಾಗ ಒತ್ತನ್ನು ಅವರಂತೆ ಇಟ್ಟರೆ ಅವರಿಗೆ ಸಂತೋಷವಾಗುತ್ತದೆ. ಅಷ್ಟು ಸಾಕು.

ರಕಾರದ ವಿಷಯದಲ್ಲಂತೂ ನೀವು ಹಿಂಜರಿಯಲೇಬೇಡಿ. ಯಾರ್ಕ್ ಎನ್ನುವಾಗ ಲಂಡನ್ನಿನವರ ಬಾಯಲ್ಲಿ ರಕಾರ ಕೇಳಿಸುವುದಿಲ್ಲ. ಸ್ಕಾಟ್ಲೆಂಡಿನವರು, ಐರ್ಲೆಂಡಿನವರು, ಬ್ರಿಸ್ಟಲ್ ಕಡೆಯ ಎಷ್ಟೋ ಜನ ನಮ್ಮ ಹಾಗೆಯೇ ಅದನ್ನು ಸ್ಪಷ್ಟವಾಗಿ ಹೇಳುತ್ತಾರೆ. ಬ್ರಿಸ್ಟಲ್ ಎಂದಾಗ ನೆನಪಾಯಿತು, ಸೀಮೆಯ ಧಾಟಿ ಊರಿನ ಹೆಸರನ್ನೇ ತಿದ್ದಿದ್ದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಸೇತುವೆಯ ತಾಣ ಎಂಬ ಅರ್ಥದ ಅದರ ಹಳೆಯ ಹೆಸರು ‘ಸ್ಟೋ’ ಎಂದು ಮುಗಿಯುತ್ತಿತ್ತು, ಕೊನೆಯಲ್ಲಿ ಲಕಾರ ಇರಲಿಲ್ಲ. ಸ್ವರದಲ್ಲಿ ಮುಗಿಯುವ ಪದಕ್ಕೆ ಲಕಾರ ಅಂಟಿಸಿ ಹೇಳುವುದು ಆ ಊರಿನವರ ಧಾಟಿ, ಹಳಬರ ಬಾಯಲ್ಲಿ ಈಗಲೂ ‘ಏರಿಯ’ ಎಂಬುದು ‘ಏರಿಯಲ್’ ಎಂದು ಕೇಳಿಸುವುದುಂಟು. ಆ ಲಕಾರ ಹೆಸರಿಗೆ ಅಂಟಿ, ಬರಹಕ್ಕೂ ಇಳಿದು, ಇಂದು ಲೋಕವೆಲ್ಲ ಬ್ರಿಸ್ಟಲ್ ಎನ್ನುತ್ತಿದೆ.

ಇಂಥ ಸೀಮೆಸೀಮೆಯ ಮಾತನ್ನು ಅವರು ಶ್ರದ್ಧೆಯಿಂದ ಕೂಡಿಟ್ಟಿದ್ದಾರೆ. ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ಅವರ ನೇತೃತ್ವದಲ್ಲಿ 1950ರಿಂದ 1961ರವರೆಗೆ ಇಂಗ್ಲೆಂಡಿನ 313 ಸ್ಥಳಗಳಿಗೆ, ಬಹುಪಾಲು ಹಳ್ಳಿಗಳಿಗೆ ಹೋಗಿ, ಸಾವಿರಕ್ಕೂ ಹೆಚ್ಚು ಪ್ರಶ್ನೆ ಕೇಳಿ, ಮುದುಕರಾದ ರೈತಾಪಿ ಜನರ ಮಾತನ್ನು ಬರೆದುಕೊಂಡರು. ಹಳ್ಳಿಯವರ ಮಾತನ್ನು ಅಶುದ್ಧವೆಂದು ತಿದ್ದಲು ಹೋದವರಲ್ಲ ಅವರು, ಕಲಿಯಲು ಹೋದವರು.

ಪ್ರಶ್ನೆ: ನಾನು ಮಳವಳ್ಳಿ ತಾಲ್ಲೂಕಿನವಳು, ಮೈಸೂರಿನ ಕಾಲೇಜೊಂದರಲ್ಲಿ ಓದುತ್ತಿದ್ದೇನೆ. ಮಾತಾಡುವಾಗ ಹಾಸನ ಎನ್ನಲು ಹೋಗಿ ‘ಆಸನ’ ಎಂದರೆ, ಹಳ್ಳಿ ಎನ್ನಲು ‘ಅಳ್ಳಿ’ ಎಂದರೆ ಜೊತೆಯವರು ನಗುತ್ತಾರೆ. ಹಕಾರ ಬಾರದವರಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಒಬ್ಬರು ಎಲ್ಲರೆದುರು ಹೇಳಿದರು. ಆ ದಿನದಿಂದ ತರಗತಿಯಲ್ಲಿ ನಾನು ಬಾಯಿ ಬಿಡುತ್ತಿಲ್ಲ. ಹಕಾರ ಬಿಡುವುದು ಅಷ್ಟು ದೊಡ್ಡ ತಪ್ಪೇ?
(ವಿದ್ಯಾರ್ಥಿನಿ, ಮೈಸೂರು)

ಉತ್ತರ: ತಪ್ಪಲ್ಲ ಮಗಳೇ. ಹಾಗೆ ಹೇಳಿದವರಿಗೆ ಇಂಗ್ಲಿಷಿನ ಕತೆಯೂ ಗೊತ್ತಿಲ್ಲ, ಕನ್ನಡದ ಕತೆಯೂ ಗೊತ್ತಿಲ್ಲ.

ಇಂಗ್ಲಿಷಿನಿಂದಲೇ ಶುರು ಮಾಡುತ್ತೇನೆ. ಬರ್ಮಿಂಗಂ, ನಾಟಿಂಗಂ, ಡರಂ, ಈ ಹೆಸರುಗಳ ಕೊನೆಯಲ್ಲಿ ಬರೆದಿರುವುದು ‘ಹ್ಯಾಮ್’. ಮನೆ, ಬೀಡು ಎಂಬ ಅರ್ಥದ ಹಳೆಯ ‘ಹಾಮ್’ ಎಂಬ ಪದ ಇವುಗಳಲ್ಲಿ ಹೆಚ್ಚಿನವುಗಳ ಕೊನೆಗಿದೆ. ರಾಜಮನೆತನದವರಿಂದ ಹಿಡಿದು ಬೀದಿಯ ತರಕಾರಿಯವರವರೆಗೆ ಇಂಗ್ಲೆಂಡಿನಲ್ಲಿ ಒಬ್ಬರೂ ಅಲ್ಲಿ ಹಕಾರ ಹೇಳುವುದಿಲ್ಲ. ಹೇಳಿದರೆ ಹೊರಗಿನವರೆಂದು ಗೊತ್ತಾಗುತ್ತದೆ. ಅದೇ ಲಂಡನ್ನಿನ ಪೂರ್ವದ ಕೇರಿಗಳ ದುಡಿಯುವ ಜನ ಹ್ಯಾಕ್ನಿ ಎಂಬ ತಮ್ಮ ಬಡಾವಣೆಯನ್ನು ‘ಆಕ್ನಿ’ ಎಂದರೆ ಅದು ಓದಿಲ್ಲದವರ ಮಾತು ಎನಿಸಿಕೊಂಡಿತು. ಬಿದ್ದದ್ದು ಎರಡೂ ಕಡೆ ಅದೇ ಹಕಾರ. ಒಂದನ್ನು ಬೀಳಿಸಿದವರು ಎಲ್ಲರೂ, ಇನ್ನೊಂದನ್ನು ಬೀಳಿಸಿದವರು ಬಡವರು. ವ್ಯತ್ಯಾಸ ಇಷ್ಟೇ. ಲಂಡನ್ನಿನವರು ಬಿಟ್ಟ ಆ ಹಕಾರವನ್ನು ದೂರದ ನ್ಯೂಕಾಸಲ್ ಕಡೆಯ ಕಲ್ಲಿದ್ದಲ ಗಣಿಯ ಕೂಲಿಗಳು ಬಿಡದೆ ಹೇಳುತ್ತಿದ್ದರು ಎಂಬುದನ್ನು ನೆನೆದರೆ, ಹಕಾರಕ್ಕೂ ವಿದ್ಯೆಗೂ ಎಂಥ ನಂಟು ಎಂದು ನೀವೇ ತೀರ್ಮಾನಿಸಬಹುದು.

ಈಗ ನಮ್ಮ ಕಡೆ ನೋಡಿ. ಹೊಸಹಳ್ಳಿ ಎಂಬ ಹೆಸರಿನ ಊರು ಎಲ್ಲ ತಾಲ್ಲೂಕಿನಲ್ಲೂ ಇರುತ್ತದೆ. ನಿಮ್ಮನ್ನು ನೋಡಿ ನಕ್ಕವರು ಅದನ್ನು ಹೇಗೆ ಹೇಳುತ್ತಾರೆಂದು ಗಮನವಿಟ್ಟು ಕೇಳಿ. ‘ಹೊಸಳ್ಳಿ’ ಎನ್ನುತ್ತಾರೆ. ಎರಡನೆಯ ಹಕಾರವನ್ನು ಅವರೂ ಬಿಟ್ಟರು, ಯಾರೂ ನಗಲಿಲ್ಲ. ನೀವು ಮೊದಲನೆಯದನ್ನೂ ಬಿಟ್ಟು ‘ಒಸಳ್ಳಿ’ ಎಂದಿರಿ, ನಕ್ಕರು. ಬರ್ಮಿಂಗಮ್ಮಿಗೂ ಆಕ್ನಿಗೂ ಇರುವ ಅಂತರವೇ ಇದು. ಇನ್ನೂ ಹಿಂದಕ್ಕೆ ಹೋದರೆ ಈ ಹಳ್ಳಿಯ ಹಕಾರವೇ ಮೊದಲಿನದಲ್ಲ. ಹಳಗನ್ನಡದಲ್ಲಿ ಅದು ‘ಪಳ್ಳಿ’. ಪಾಲು ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ತಿರುಚಿರಾಪಳ್ಳಿಯಲ್ಲಿ ತಮಿಳರು ಹಳೆಯ ಪಕಾರವನ್ನು ಉಳಿಸಿಕೊಂಡಿದ್ದಾರೆ. ಕನ್ನಡ ಒಂದು ಹೆಜ್ಜೆ ನಡೆದು ಹಳ್ಳಿ ಎಂದಿತು, ಮಂಡ್ಯದ ಕನ್ನಡ ಇನ್ನೊಂದು ಹೆಜ್ಜೆ ನಡೆದು ಅಳ್ಳಿ ಎಂದಿದೆ. ನಿಮ್ಮ ಅಜ್ಜಿ ‘ಅಕ್ಕಿ ಆರೋಯ್ತು’ ಎಂದಾಗ ಹಾರಿಹೋದದ್ದು ಹಕ್ಕಿಯೆಂದು, ‘ಅಕ್ಕಿ ಬೆಂದೋಯ್ತು’ ಎಂದಾಗ ಬೆಂದದ್ದು ಅಕ್ಕಿಯೆಂದು ಮನೆಯ ಚಿಕ್ಕ ಮಗುವಿಗೂ ಗೊತ್ತಾಗುತ್ತದೆ.

ನಗುವವರು ಕೂತಿರುವ ಊರಿನ ಹೆಸರೇ ಇದಕ್ಕೆ ದೊಡ್ಡ ಸಾಕ್ಷಿ. ಮಹಿಷೂರು ಎಂಬುದೇ ಮೈಸೂರಾಯಿತು ಎಂದು ನಾವೆಲ್ಲ ಓದಿದ್ದೇವೆ. ಆ ‘ಹಿ’ ಎಲ್ಲಿ ಹೋಯಿತು? ನಿಮ್ಮ ‘ಆಸನ’ದ ಹಕಾರ ಹೋದ ದಾರಿಯಲ್ಲೇ ಹೋಯಿತು. 2014ರ ನವೆಂಬರ್ 1ರಂದು ಸರ್ಕಾರ ಇಂಗ್ಲಿಷ್ ಬರಹದಲ್ಲೂ ‘ಮೈಸೋರ್’ ಬಿಡಿಸಿ ‘ಮೈಸೂರು’ ಮಾಡಿದಾಗ, ಜನರ ಬಾಯಲ್ಲಿದ್ದ ರೂಪವನ್ನು ತೆಗೆದುಕೊಂಡಿತೇ ಹೊರತು ಹಳೆಯ ಹಕಾರವನ್ನು ಹುಡುಕಿ ತರಲಿಲ್ಲ.

ಬರಹದಲ್ಲಿ, ಸಂದರ್ಶನದಲ್ಲಿ, ವೇದಿಕೆಯ ಮೇಲೆ ಹಕಾರ ಬೇಕಾಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಕಷ್ಟದ್ದಲ್ಲ. ಅಂಗೈಯನ್ನು ಬಾಯಿಯ ಹತ್ತಿರ ಹಿಡಿದು, ಕನ್ನಡಕ ಒರೆಸುವ ಮುನ್ನ ಗಾಜಿನ ಮೇಲೆ ಉಸಿರು ಬಿಡುವಂತೆ ಬಿಡಿ, ಕೈಗೆ ಬಿಸಿ ತಾಗುತ್ತದೆ. ಆ ಉಸಿರಿನ ಹಿಂದೆಯೇ ‘ಆಸನ’ ಎನ್ನಿ, ಹಾಸನವಾಗುತ್ತದೆ. ಎರಡು ವಾರ ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿ. ಅಕ್ಕಿಯನ್ನು ‘ಹಕ್ಕಿ’ ಎಂದುಬಿಡುವಷ್ಟು ಮಾತ್ರ ಹೆದರಬೇಡಿ, ಹೆದರಿದವರು ಇಲ್ಲದ ಕಡೆ ಹಕಾರ ಹಾಕುವುದು ಲಂಡನ್ನಿನಲ್ಲೂ ಉಂಟು, ಮಂಡ್ಯದಲ್ಲೂ ಉಂಟು. ನಾಳೆಯಿಂದಲೇ ತರಗತಿಯಲ್ಲಿ ಮಾತಾಡಿ. ಮನೆಯ ಮಾತನ್ನು ಬಿಡಬೇಕೆಂದು ಯಾರಾದರೂ ಹೇಳಿದರೆ ಕೇಳಬೇಡಿ.

ಪ್ರಶ್ನೆ: ಬಾನುಲಿಯಲ್ಲಿ ಹಂಗಾಮಿ ಉದ್ಘೋಷಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಗೊತ್ತಿಲ್ಲದ ಇಂಗ್ಲಿಷ್ ಊರಿನ ಹೆಸರು ಥಟ್ಟನೆ ಎದುರಾದರೆ ಉಚ್ಚಾರಣೆಯನ್ನು ಎಲ್ಲಿ ನೋಡಬೇಕು?
(ಯಾದವಗಿರಿಯ ಓದುಗರು, ಮೈಸೂರು)

ಉತ್ತರ: ‘ಆಕಾಶವಾಣಿ’ ಎಂಬ ಹೆಸರು ಬಾನುಲಿಗೆ ಬಂದದ್ದೇ ಮೈಸೂರಿನಿಂದ, 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಶುರು ಮಾಡಿದ ಕೇಂದ್ರದಿಂದ. ಆ ಪರಂಪರೆಯವರು ಈ ಎಚ್ಚರ ವಹಿಸುವುದು ನನಗೆ ಹೆಮ್ಮೆಯ ವಿಷಯ. ಬಿಬಿಸಿಯವರು ಇದೇ ಚಿಂತೆಯಿಂದ 1926ರಲ್ಲಿ ಆಡುಮಾತಿನ ಇಂಗ್ಲಿಷಿಗಾಗಿ ಒಂದು ಸಲಹಾ ಸಮಿತಿ ಮಾಡಿದರು. ಕವಿ ರಾಬರ್ಟ್ ಬ್ರಿಡ್ಜಸ್ ಅದರ ಮೊದಲ ಅಧ್ಯಕ್ಷರು, ಆಮೇಲೆ ಬರ್ನಾರ್ಡ್ ಷಾ. ಈಗಲೂ ಅಲ್ಲಿ ಉಚ್ಚಾರಣೆಗೆಂದೇ ಒಂದು ವಿಭಾಗವಿದೆ, ಬ್ರಿಟನ್ನಿನ ಊರುಗಳ ಮಟ್ಟಿಗೆ ಊರವರ ಬಾಯಿಯೇ ಅವರಿಗೆ ಪ್ರಮಾಣ. ನಿಮ್ಮ ಮೇಜಿನ ಮೇಲೆ ಡೇನಿಯಲ್ ಜೋನ್ಸ್ ಅವರ ಇಂಗ್ಲಿಷ್ ಉಚ್ಚಾರಣೆಯ ನಿಘಂಟು ಇರಲಿ. 1917ರಲ್ಲಿ ಮೊದಲು ಬಂದ ಅದು ಪರಿಷ್ಕಾರಗೊಳ್ಳುತ್ತ ಇಂದಿಗೂ ಅಚ್ಚಾಗುತ್ತಿದೆ, ಊರುಗಳ ಹೆಸರೂ ಅದರಲ್ಲಿವೆ.

ನಿಘಂಟು ಎರಡು ಉಚ್ಚಾರಣೆ ಕೊಟ್ಟಿದ್ದರೆ ಗಾಬರಿಯಾಗಬೇಡಿ. ಶ್ರೂಸ್‌ಬರಿ ಎಂಬ ಊರಿದೆ. ಅದನ್ನು ಶ್ರೂಸ್‌ಬರಿ ಎನ್ನಬೇಕೋ ಶ್ರೋಸ್‌ಬರಿ ಎನ್ನಬೇಕೋ ಎಂದು ಅಲ್ಲಿ ಹುಟ್ಟಿ ಬೆಳೆದವರೇ ಇನ್ನೂ ವಾದ ಮಾಡುತ್ತಾರೆ. ಆ ಊರಿನವರೊಬ್ಬರನ್ನು ನೀವು ಸಂದರ್ಶನ ಮಾಡುವುದಿದ್ದರೆ, ಮೈಕು ಹಾಕುವ ಮೊದಲು ಅವರ ಮನೆಯಲ್ಲಿ ಏನೆನ್ನುತ್ತಾರೆಂದು ಕೇಳಿ, ಅದನ್ನೇ ಹೇಳಿ.